ತಾಯಿಯಿಲ್ಲದ ನೊರಜುಗಳು

ಅಕ್ಟೋಬರ್ ೪

ಐದು ವಾರದ ರಜೆ ಮುಗಿಸಿ ಇವತ್ತು ಪಶುವೈದ್ಯ ಇಲಾಖೆಯ ಕೆಲಸಕ್ಕೆ ಹೋದೆ. ಎದೆಯಲ್ಲಿ ಕ್ಷಯ ಇದೆ ಎಂದು ಗೊತ್ತಾದ ದಿನ ನನ್ನ ಕುರ್ಚಿಯನ್ನು ಎರಡು ಸಲ ತೊಳೆದು ಬಿಸಿಲಿಗೆ ಇಟ್ಟಿದ್ದರಂತೆ. ಇವತ್ತು ಎಲ್ಲರೂ ಬಾಗಿಲಾಚೆ ನಿಂತು ಬಹಳ ಪ್ರೀತಿ ತೋರಿಸಿದರು. ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲೆ ಎದ್ದು ಕಾಣುವ ಹಾಗೆ ಇಟ್ಟೆ.

ಫೆಬ್ರವರಿ ಕೊನೆಯವರೆಗೆ ದಿನಾ ನಾಲ್ಕು ಬಗೆಯ ಮಾತ್ರೆ. ಮೈಗೆ ಏನೇನು ಆಗುತ್ತದೆ ಬರೆದಿಡಿ ಎಂದು ಈ ಪುಸ್ತಕ ಶುರು ಮಾಡಿಸಿದ್ದೂ ಡಾಕ್ಟರೇ. ಸರಿ, ಬರೆಯುತ್ತೇನೆ. ಹಸಿವು ಇದೆ. ಕೆಮ್ಮು ಇಳಿದಿದೆ. ಮೂತ್ರ ಕ್ಯಾರೆಟ್ಟಿಗೂ ಬೀಟ್‌ರೂಟಿಗೂ ನಡುವಿನ ಕೆಂಪು. ಅದು ಮಾತ್ರೆಯ ಬಣ್ಣ, ಹೆದರಬೇಡಿ ಎಂದಿದ್ದಾರೆ. ಕಣ್ಣಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಮಾತ್ರ ತಡಮಾಡದೆ ಬನ್ನಿ ಎಂದರು. ಇಪ್ಪತ್ತಾರು ವರ್ಷ ಕಣ್ಣಿನಿಂದಲೇ ಹೊಟ್ಟೆ ಹೊರೆದವಳಿಗೆ ಈ ಮಾತು ಹೇಳಬೇಕೇ ಎಂದು ನಕ್ಕುಬಿಟ್ಟೆ.

ಮಾತ್ರೆ ಮುಗಿಯುವವರೆಗೆ ಅಕ್ಕನ ಮನೆಯ ಮೇಲಿನ ಕೋಣೆಯೇ ನನ್ನದು. ಭಾವ ಲಾರಿ ಓಡಿಸುತ್ತಾರೆ, ತಿಂಗಳಿಗೊಮ್ಮೆ ಬರುವ ನೆಂಟ. ಮನೆಯಲ್ಲಿ ಇರುವುದು ಅಕ್ಕ, ನಾನು, ಹಿಂದಿನ ದೊಡ್ಡಿಯಲ್ಲಿ ನಲವತ್ತೆರಡು ಕುರಿ. ಅಡುಗೆಮನೆಯಲ್ಲಿ ಹಿಡಿಯಿರುವ ಎರಡು ಲೋಟ ಇವೆ, ಒಂದೇ ಅಳತೆಯವು. ಕೆಂಪು ನನ್ನದು, ಕಂದು ಅಕ್ಕನದು. ಚೀಟಿ ತೋರಿಸಿದರೂ ಅಕ್ಕನ ಮುಂದೆ ಡಾಕ್ಟರ ಆಟ ನಡೆಯುವುದಿಲ್ಲ.

ಅಕ್ಟೋಬರ್ ೬

ಬುಧವಾರ, ಎಣಿಕೆಯ ದಿನ. ರಕ್ತಪರೀಕ್ಷೆಯ ವಿಭಾಗದಿಂದ ಒಬ್ಬನನ್ನು ನನ್ನ ಕೋಣೆಗೆ ಹಾಕಿದ್ದಾರೆ. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಬರುತ್ತಾನೆ, ಐದಕ್ಕೆ ಎರಡು ನಿಮಿಷ ಇರುವಾಗ ಟೋಪಿ ಹಾಕಿಕೊಳ್ಳುತ್ತಾನೆ. ಗಡಿಯಾರಪ್ಪ ಎಂದು ಹೆಸರಿಟ್ಟಿದ್ದೇನೆ. ನನ್ನಷ್ಟೇ ವಯಸ್ಸು, ತಲೆ ಮಾತ್ರ ಅಂಗೈಯಷ್ಟು ನುಣುಪು.

ಅವನಿಗೆ ಮೊದಲ ಪಾಠ ಮಾಡಿದೆ. ನೊರಜು ಸಾಸಿವೆ ಕಾಳಿನಷ್ಟೂ ಇರುವುದಿಲ್ಲ, ಆದರೆ ಒಂದು ಪ್ರಾಣಿಯ ರಕ್ತದಿಂದ ಇನ್ನೊಂದರ ರಕ್ತಕ್ಕೆ ನೀಲಿನಾಲಿಗೆ ರೋಗವನ್ನು ಹೊತ್ತು ತರುವುದು ಅದೇ. ದೊಡ್ಡಿಗಳಲ್ಲಿ ದೀಪದ ಬಲೆ ತೂಗುಹಾಕುತ್ತೇವೆ. ನೇರಳೆ ದೀಪ, ಪುಟ್ಟ ಫ್ಯಾನು, ಕೆಳಗೆ ಸೋಪುನೀರಿನ ಡಬ್ಬಿ, ಅಷ್ಟೇ. ಸಂಜೆಯಿಂದ ಬೆಳಗಿನವರೆಗೆ ಬಿದ್ದದ್ದನ್ನು ತಟ್ಟೆಗೆ ಸುರಿದು ಸೂಕ್ಷ್ಮದರ್ಶಕದ ಕೆಳಗೆ ಬೇರ್ಪಡಿಸಬೇಕು. ಇನ್ನೂ ರಕ್ತ ಕುಡಿಯದ ಹೆಣ್ಣಿನ ಹೊಟ್ಟೆ ಬಿಳಿಚಿಕೊಂಡಿರುತ್ತದೆ. ಅವಳನ್ನು ಈ ಕೋಣೆಯಲ್ಲಿ ಕನ್ನೆ ಎನ್ನುತ್ತೇವೆ. ಒಮ್ಮೆ ರಕ್ತ ಕುಡಿದು ಮೊಟ್ಟೆಯಿಟ್ಟವಳ ಹೊಟ್ಟೆಯಲ್ಲಿ ಕೆಂಪು ಕಲೆ ಉಳಿಯುತ್ತದೆ, ಸತ್ತರೂ ಹೋಗುವುದಿಲ್ಲ, ಅವಳು ತಾಯಿ. ರೋಗ ಹೊತ್ತವಳು ಇದ್ದರೆ ತಾಯಂದಿರಲ್ಲೇ ಇರಬೇಕು. ಸತತ ಮೂರು ಬುಧವಾರ ಬಲೆಯಲ್ಲಿ ತಾಯಂದಿರು ಐದಕ್ಕಿಂತ ಕಡಿಮೆ ಬಿದ್ದರೆ ನೊರಜಿನ ಕಾಲ ಮುಗಿಯಿತು ಎಂದು ಸಾಹೇಬರು ಆದೇಶ ಹೊರಡಿಸುತ್ತಾರೆ. ಅಲ್ಲಿಯವರೆಗೆ ಒಂದು ಕುರಿಯೂ ಇದ್ದ ಜಾಗ ಬಿಟ್ಟು ಕದಲುವ ಹಾಗಿಲ್ಲ.

ಹತ್ತು ತಟ್ಟೆಗೆ ಒಂದನ್ನು ಇನ್ನೊಬ್ಬರು ಮರುನೋಟ ಮಾಡಬೇಕೆಂದು ನಿಯಮ ಇದೆ. ಗಡಿಯಾರಪ್ಪ ಕೈ ತೊಳೆದುಕೊಂಡು ಬಂದು ಕೂತ. ನನ್ನ ತಟ್ಟೆಯ ಮೇಲೆ ಕಣ್ಣು ಹಾಕಿದವರು ಇಷ್ಟು ವರ್ಷದಲ್ಲಿ ಯಾರೂ ಇಲ್ಲ, ಸಹಿ ಹಾಕಿದರೆ ಸಾಕು ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿ ಹಾಕಿದ.

ತಾಯಿ ೭೧, ಕನ್ನೆ ೧೧೮.

ಅಕ್ಟೋಬರ್ ೧೪

ಅಕ್ಕನ ಟಗರಿಗೆ ಪುರುಸೊತ್ತೇ ಇಲ್ಲ. ಅದರ ಎದೆಗೆ ಕೆಂಪು ಬಣ್ಣದ ಪಟ್ಟಿ ಕಟ್ಟಿ ಬಿಟ್ಟಿದ್ದಾಳೆ. ಯಾವ ಕುರಿಯ ಮೇಲೆ ಏರಿತೋ ಅದರ ಸೊಂಟಕ್ಕೆ ಕೆಂಪು ಮೆತ್ತಿಕೊಳ್ಳುತ್ತದೆ, ಲೆಕ್ಕ ತಪ್ಪುವುದಿಲ್ಲ. ನಲವತ್ತೆರಡರಲ್ಲಿ ನಲವತ್ತು ಕೆಂಪಾಗಿವೆ. ದೊಡ್ಡಿಯನ್ನು ನೋಡಿದರೆ ಮಕ್ಕಳ ಕೈಗೆ ಲಿಪ್‌ಸ್ಟಿಕ್ ಸಿಕ್ಕಿದ ಮನೆಯ ಹಾಗಿದೆ. ಮಾರ್ಚ್ ಮೊದಲ ವಾರಕ್ಕೆ ಮರಿ.

ಗುಡ್ಡದ ಮೇಲಿನ ಹುಲ್ಲು ಸವೆದಿದೆ. ಚಳಿಗಾಲಕ್ಕೆ ಅಕ್ಕ ಕುರಿಗಳನ್ನು ಹೊಳೆಬದಿಯ ಕೆಳಗಿನ ಹುಲ್ಲುಗಾವಲಿಗೆ ಇಳಿಸುತ್ತಾಳೆ, ಅಲ್ಲೊಂದು ಹೆಂಚಿನ ದೊಡ್ಡಿಯೂ ಇದೆ. ತೊಂದರೆ ಏನೆಂದರೆ ಪಕ್ಕದ ಬೇಲಿ ಹಾಲಿನಣ್ಣನದು, ಅವನ ಹಸುಗಳಿಗೆ ಆಗಸ್ಟಿನಲ್ಲಿ ನೀಲಿನಾಲಿಗೆ ಬಂದಿತ್ತು. ಹಸು ಮಹಾ ಕಳ್ಳ ಪ್ರಾಣಿ, ರೋಗವನ್ನು ರಕ್ತದಲ್ಲಿಟ್ಟುಕೊಂಡೇ ಏನೂ ಆಗದ ಹಾಗೆ ಮೆಲುಕು ಹಾಕುತ್ತಿರುತ್ತದೆ. ಗಬ್ಬದ ಕುರಿಗೆ ತಗುಲಿದರೆ ಕುರಿ ಬದುಕಿಕೊಂಡರೂ ಒಳಗಿರುವ ಮರಿಯ ಮಿದುಳು ಕರಗಿಹೋಗಬಹುದು. ಅಕ್ಕನಿಗೆ ಇದು ಗೊತ್ತು.

"ಆಫೀಸಿನ ಕಾಗದ ನನಗೆ ಬೇಡ. ನೀನು ಹೂಂ ಅಂದ್ರೆ ಇಳಿಸ್ತೀನಿ, ಇಲ್ಲಾಂದ್ರೆ ಇಲ್ಲ" ಎಂದಳು.

ಅಕ್ಟೋಬರ್ ೨೭

ನಮ್ಮ ಕೋಣೆಯ ಗೋಡೆಯ ಮೇಲೆ ನೊರಜಿನ ಕಾಲ ಮುಗಿದ ದಿನಾಂಕಗಳ ಪಟ್ಟಿ ಇದೆ. ನಾನು ಸೇರಿದ ವರ್ಷ ಸೆಪ್ಟೆಂಬರ್ ೨೯. ಆಮೇಲೆ ಅಕ್ಟೋಬರ್ ೬, ೧೫, ೨೦. ಹೋದ ವರ್ಷ ನವೆಂಬರ್ ೮. ಕೆಲಸ ಕಲಿಸಿದ ಮೇಷ್ಟ್ರು, ಮೊದಲ ಹಿಮ ಬಿದ್ದ ಮಾರನೇ ದಿನ ತಟ್ಟೆ ತೊಳೆದಿಡು, ಆಮೇಲೆ ಹುಡುಕಿದರೂ ಒಂದು ಸಿಗುವುದಿಲ್ಲ ಎನ್ನುತ್ತಿದ್ದರು. ಹಿಮ ನೋಡಿ ನಾಲ್ಕು ವರ್ಷವಾಯಿತು.

ಇವತ್ತು ಮಧ್ಯಾಹ್ನ ಹತ್ತೊಂಬತ್ತು ಡಿಗ್ರಿ. ನೊರಜಿನ ಹೊಟ್ಟೆಯಲ್ಲಿ ರೋಗ ಬೆಳೆಯುವುದು ಹಿಟ್ಟು ಹುದುಗಿದ ಹಾಗೆ. ಬೆಚ್ಚಗಿದ್ದರೆ ಬೇಗ ಉಬ್ಬುತ್ತದೆ, ತಣ್ಣಗಿದ್ದರೆ ಹಾಗೇ ಬಿದ್ದಿರುತ್ತದೆ. ಗಡಿಯಾರಪ್ಪನಿಗೆ ಈ ಹೋಲಿಕೆ ಬಹಳ ಹಿಡಿಸಿತು, ಬರೆದುಕೊಂಡ.

ಸಂಜೆ ದೊಡ್ಡಿಯ ಬಾಗಿಲ ಮೇಲೆ ನೊರಜುಗಳು ಕಂಬ ಕಟ್ಟಿ ನಿಲ್ಲುತ್ತವೆ. ಸರಿಯಾಗಿ ಒಬ್ಬ ಮನುಷ್ಯನ ಎತ್ತರ. ಗಾಳಿ ಬಂದರೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಕ್ಕ ಅದನ್ನು ಯಜಮಾನ ಎಂದು ಕರೆಯುತ್ತಾಳೆ. ಯಜಮಾನ ಬಂದ, ಬಾಗಿಲು ಹಾಕು ಎನ್ನುತ್ತಾಳೆ.

ನವೆಂಬರ್ ೩

ತಾಯಿ ೩೦, ಕನ್ನೆ ೧೬೬. ಸೂಕ್ಷ್ಮದರ್ಶಕದ ಬಲ್ಬು ಮಂಕಾಗಿದೆ, ಹೊಸದು ಕೇಳಿದ್ದೇನೆ. ಮೂತ್ರದ ಬಣ್ಣ ಬಹುತೇಕ ಹೋಗಿದೆ, ಮೈ ಮಾತ್ರೆಗೆ ಒಗ್ಗಿಕೊಂಡಿತು ಎಂದು ಕಾಣುತ್ತದೆ. ಒಳ್ಳೆಯದು.

ನವೆಂಬರ್ ೭

ಬೆಳಿಗ್ಗೆಯೇ ರಾಮಾಯಣ. ನಾನು ಅಕ್ಕನ ಲೋಟದಲ್ಲಿ ಟೀ ಕುಡಿದೆನಂತೆ. ನನ್ನದೇ ಎಂದು ಸಾಧಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಉಜ್ಜಿ ಉಜ್ಜಿ ನನ್ನ ಲೋಟದ ಬಣ್ಣ ತೆಗೆದಿಟ್ಟಿದ್ದಾಳೆ, ಈಗ ಎರಡೂ ಒಂದೇ ಥರ ಕಾಣುತ್ತವೆ, ತಪ್ಪು ಯಾರದು? ಅದನ್ನೇ ಹೇಳಿದೆ. ಅಕ್ಕ ಜಗಳ ಮುಂದುವರಿಸಲಿಲ್ಲ. ಲೋಟ ಹಿಡಿದು ನನ್ನನ್ನೇ ನೋಡುತ್ತ ನಿಂತಳು.

ಟೊಮೇಟೊ ಕೂಡ ಈ ವರ್ಷ ಹಣ್ಣಾಗುತ್ತಲೇ ಇಲ್ಲ. ಒತ್ತಿದರೆ ಮೆತ್ತಗಿರುತ್ತದೆ, ಬಣ್ಣ ಮಾತ್ರ ಹಸಿ ಮಣ್ಣಿನದು.

ನವೆಂಬರ್ ೧೦

ತಾಯಿ ೩. ಕನ್ನೆ ೧೮೪.

ಹೊಸ ಬಲ್ಬು ಹಾಕಿಸಿಯೇ ನೋಡಿದ್ದು. ರೆಕ್ಕೆಯ ಒಂದೊಂದು ಚುಕ್ಕೆಯೂ ಕಾಣುತ್ತದೆ, ಮೀಸೆಯ ಕೂದಲೂ ಕಾಣುತ್ತದೆ. ಹೊಟ್ಟೆಗಳೆಲ್ಲ ಬಿಳಿಚು. ಅಂತೂ ಕಾಲ ತಿರುಗಿತು.

ಗಡಿಯಾರಪ್ಪ ಹಾಳೆಯನ್ನು ಎರಡು ಸಲ ಓದಿದ. ಒಟ್ಟು ಲೆಕ್ಕ ಇಳಿದೇ ಇಲ್ಲ, ತಾಯಂದಿರು ಮಾತ್ರ ಒಂದೇ ವಾರದಲ್ಲಿ ಎಲ್ಲಿ ಹೋದರು ಎಂದು ಕೇಳಿದ. ಸಾಯುವ ಕಾಲಕ್ಕೆ ಮುದುಕರೇ ಮೊದಲು ಸಾಯುವುದು ಎಂದೆ. ಒಂದು ತಟ್ಟೆ ನೋಡಲೇ ಎಂದ. ನೋಡಿ ಕಲಿಯುವ ಆಸೆಯಿದ್ದರೆ ಬೇಸಿಗೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಈಗ ಸಹಿ ಹಾಕಿ ಎಂದೆ. ಕ್ಷಯದವಳ ತಟ್ಟೆ ಮುಟ್ಟಲು ಅವನಿಗಾದರೂ ಏನು ಅವಸರ? ಹಾಕಿದ.

ನವೆಂಬರ್ ೧೩

ನನ್ನ ಲೋಟದ ಹಿಡಿಗೆ ಅಕ್ಕ ದಪ್ಪ ಉಣ್ಣೆಯ ದಾರ ಸುತ್ತಿ ಗಂಟು ಹಾಕಿದ್ದಾಳೆ. ಏನಿದು ಅಲಂಕಾರ ಎಂದರೆ ಬಿಸಿ ತಾಗದಿರಲಿ ಎಂದಳು. ತನ್ನ ಲೋಟಕ್ಕೆ ಕಟ್ಟಿಕೊಂಡಿಲ್ಲ. ಕ್ಷಯ ಬಂದವರ ಬೆರಳು ತೆಳುವೇ?

ನವೆಂಬರ್ ೧೭

ತಾಯಿ ೧. ಸಾಹೇಬರು ಖುದ್ದಾಗಿ ಕೋಣೆಗೆ ಬಂದರು. ಎರಡು ವಾರ ಆಯಿತು, ಇನ್ನೊಂದೇ ಎಂದರು. ದಿನಕ್ಕೆ ಇಪ್ಪತ್ತು ಜನ ಕುರಿ ಮಾರುವವರು ಫೋನು ಮಾಡಿ ಅವರ ತಲೆ ತಿನ್ನುತ್ತಿದ್ದಾರಂತೆ. ನಿಮ್ಮ ಕಣ್ಣು ನಮ್ಮ ಇಲಾಖೆಯ ಆಸ್ತಿ ಎಂದರು. ಹೊಗಳಿಕೆ ಎಂದು ಗೊತ್ತಿದ್ದೂ ಹಿಗ್ಗಿದೆ. ಐದು ವಾರ ಮೂಲೆಯಲ್ಲಿ ಕೂತು ಬಂದವಳಿಗೆ ಅಷ್ಟಾದರೂ ಬೇಡವೇ.

ನವೆಂಬರ್ ೨೪

ತಾಯಿ ಸೊನ್ನೆ. ಕನ್ನೆ ೧೭೯.

ಸಹಿ ಹಾಕಿದೆ, ಗಡಿಯಾರಪ್ಪ ಹಾಕಿದ, ಸಾಹೇಬರು ಹಾಕಿದರು. ಗೋಡೆಯ ಪಟ್ಟಿಯಲ್ಲಿ ಈ ವರ್ಷದ ದಿನಾಂಕ ನಾನೇ ಬರೆದೆ.

ಅಕ್ಕ ಹಿತ್ತಿಲಲ್ಲೇ ಕಾಯುತ್ತಿದ್ದಳು. ತಾಯಿ ಒಂದೂ ಇಲ್ಲ, ಇಳಿಸು ಎಂದೆ. ಖಂಡಿತ ತಾನೇ ಎಂದು ಕೇಳಿದಳು. ಹೂಂ ಎಂದೆ. ಅಷ್ಟು ಹೊತ್ತು ಅವಳ ಹಿಂದೆ, ದೊಡ್ಡಿಯ ಬಾಗಿಲಲ್ಲಿ, ಯಜಮಾನ ನಿಂತೇ ಇದ್ದ.

ನವೆಂಬರ್ ೨೭

ಕುರಿಗಳು ಕೆಳಗಿಳಿದವು. ನಾನೂ ಕೋಲು ಹಿಡಿದು ಹಿಂದೆ ನಡೆದೆ. ಹುಲ್ಲು ಮೊಣಕಾಲೆತ್ತರ ನಿಂತಿದೆ, ಕುರಿಗಳು ತಲೆಯೆತ್ತಲಿಲ್ಲ. ಬೇಲಿಯಾಚೆ ಹಾಲಿನಣ್ಣನ ಹಸುಗಳು ಸಾಲಾಗಿ ನಿಂತು ನೋಡಿದವು.

ಕುರಿಗಳ ಸೊಂಟದ ಮೇಲಿನ ಬಣ್ಣ ತೊಳೆದುಹೋಗಿದೆ. ಮಳೆಗೆ ಬಣ್ಣ ನಿಲ್ಲುವುದಿಲ್ಲ ಎಂದೆ. ಅಕ್ಕ ಹಿಂದೆ ಬಿದ್ದ ಒಂದು ಕುರಿಯನ್ನು ಗುಂಪಿಗೆ ಸೇರಿಸಿ ಬಂದಳು. ಆಮೇಲೆ, ಮಳೆ ಎಲ್ಲಿ ಬಂತು ಎಂದಳು.

ನಿಜ, ಬಂದಿಲ್ಲ.

ಡಿಸೆಂಬರ್ ೧೫

ಎಣಿಕೆ ಮುಗಿದರೂ ಒಂದು ಬಲೆಯನ್ನು ಚಳಿಗಾಲದುದ್ದಕ್ಕೂ ಉರಿಸಬೇಕೆಂದು ನಿಯಮ. ಅದನ್ನು ಕೆಳಗಿನ ದೊಡ್ಡಿಯಲ್ಲೇ ತೂಗುಹಾಕಿದ್ದೇನೆ. ಇವತ್ತು ತಟ್ಟೆಯಲ್ಲಿ ೧೫೨. ಎಲ್ಲವೂ ಕನ್ನೆ.

ಇದು ನನ್ನನ್ನು ಬಿಡುತ್ತಿಲ್ಲ. ನೊರಜು ಬದುಕುವುದು ಎರಡು ಮೂರು ವಾರ. ಹುಟ್ಟುತ್ತಲೇ ಇವೆ ಎಂದರೆ ಯಾರೋ ಮೊಟ್ಟೆಯಿಡುತ್ತಿರಬೇಕು. ಇಡುವವರು ಎಲ್ಲಿದ್ದಾರೆ? ಮಕ್ಕಳು ದಿನಾ ಬೀದಿಗೆ ಬರುತ್ತಾರೆ, ಮನೆಗಳಲ್ಲಿ ಒಬ್ಬಳೂ ತಾಯಿಯಿಲ್ಲ. ಮೇಷ್ಟ್ರು ಇದ್ದಿದ್ದರೆ ಕೇಳಬಹುದಿತ್ತು. ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ, ಇಂಥದ್ದು ಎಲ್ಲೂ ಬರೆದಿಲ್ಲ. ಚಳಿಯೇ ಬಾರದ ಕಾಲಕ್ಕೆ ಹೊಸ ಜಾತಿಯೊಂದು ಎದ್ದಿರಬಹುದು, ರಕ್ತ ಕುಡಿಯದೆ ಹುಟ್ಟಿ ರಕ್ತ ಕುಡಿಯದೆ ಸಾಯುವ ಜಾತಿ. ಹಾಗೆಂದು ಗಡಿಯಾರಪ್ಪನಿಗೆ ಹೇಳಿದೆ. ಅವನು ಟೋಪಿ ಹಾಕಿಕೊಂಡ. ಗಂಟೆ ಆಗ ಇನ್ನೂ ನಾಲ್ಕು.

ಒಂದು ಕುರಿ ಎರಡು ದಿನ ಜೊಲ್ಲು ಸುರಿಸುತ್ತಿತ್ತು, ಮೇವು ಬಿಟ್ಟಿತ್ತು. ತಾನಾಗಿಯೇ ಸರಿಹೋಯಿತು.

ಜನವರಿ ೫

ಹದಿನೈದು ಡಿಗ್ರಿ. ಹೊಳೆಬದಿಯಲ್ಲಿ ಯಾವುದೋ ಮರ ಹೂ ಬಿಟ್ಟಿದೆ, ಪಾಪ ಅದಕ್ಕೂ ತಿಂಗಳು ತಪ್ಪಿದೆ.

ಸಂಜೆ ಬಲೆ ಹಚ್ಚಲು ಹೋದಾಗ ಕಂಬದೊಳಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದು ನನ್ನ ಎತ್ತರಕ್ಕೆ ಸರಿಯಾಗಿದೆ. ಒಳಗೆ ಕಿವಿಗೆ ಕೇಳದಷ್ಟು ಸಣ್ಣ ಸದ್ದು, ಹಲ್ಲಿಗೆ ಗೊತ್ತಾಗುತ್ತದೆ. ಮೊದಮೊದಲು ಹೆದರಿಕೆಯಾಗುತ್ತಿತ್ತು. ಈಗ ಇಲ್ಲ, ಕಚ್ಚದ ಜಾತಿಗೆ ಯಾಕೆ ಹೆದರುವುದು?

ಊಟಕ್ಕೆ ಕೂತಾಗ ಅಕ್ಕ ನನ್ನ ತೋಳು ಹಿಡಿದು ದೀಪದ ಕಡೆ ತಿರುಗಿಸಿ, ಇದೇನೇ ಇದು ಎಂದಳು. ಏನೂ ಇರಲಿಲ್ಲ. ಬರೀ ಚರ್ಮ. ತುರಿಕೆ ಇದೆ, ನಿಜ, ಅದು ಮಾತ್ರೆಯಿಂದ. ಅಕ್ಕ ಮುಲಾಮು ತಂದು ಎರಡೂ ತೋಳಿಗೆ ಹಚ್ಚಿದಳು, ಕುತ್ತಿಗೆಗೂ ಹಚ್ಚಿದಳು. ಚಿಕ್ಕವಳಿದ್ದಾಗ ಹೀಗೇ ಹಚ್ಚುತ್ತಿದ್ದಳು. ಏನೂ ಇಲ್ಲದ ಜಾಗವನ್ನು ಒಂದೊಂದಾಗಿ ಹುಡುಕಿ ಹಚ್ಚಿದ್ದು ನೋಡಿ ಅವಳ ಬಗ್ಗೆ ನನಗೆ ಯೋಚನೆಯಾಯಿತು. ವಯಸ್ಸಾಗುತ್ತಿದೆ.

ಜನವರಿ ೧೮

ಡಾಕ್ಟರ ಬಳಿ ಹೋಗಿದ್ದೆ. ಕೆಮ್ಮಿಲ್ಲ, ತೂಕ ಮೂರು ಕಿಲೋ ಏರಿದೆ. ಚುಕ್ಕೆಗಳೇ ತುಂಬಿದ ಪುಸ್ತಕವೊಂದನ್ನು ಹಿಡಿದು ಒಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಹನ್ನೆರಡು ಹಾಳೆ ತಿರುವಿದರು, ಬಹಳ ಹಾಳೆಗಳಲ್ಲಿ ಅಂಕಿ ಬರೆಯಲು ಮರೆತಿದ್ದಾರೆ. ಹಾಗೆಂದೇ ತಮಾಷೆ ಮಾಡಿದೆ. ಅವರು ನಗದೆ, ಯಾವಾಗಿನಿಂದ ಎಂದು ಕೇಳಿದರು. ಯಾವಾಗಿನಿಂದ ಏನು?

ನಾಲ್ಕರಲ್ಲಿ ಒಂದು ಮಾತ್ರೆ ಇವತ್ತಿನಿಂದ ನಿಲ್ಲಿಸಿದ್ದಾರೆ. ಕಣ್ಣಿನ ನರಕ್ಕೆ ಸ್ವಲ್ಪ ತೊಂದರೆ, ತಾನಾಗಿಯೇ ವಾಪಸ್ಸು ಬರುತ್ತದೆ, ಎರಡು ಮೂರು ತಿಂಗಳು ಹಿಡಿಯಬಹುದು ಎಂದರು. ಸಣ್ಣ ಅಕ್ಷರ ಓದಿ ತೋರಿಸಿದೆ, ಗೋಡೆಯ ಕೊನೆಯ ಸಾಲಿನವರೆಗೂ ಓದಿದೆ. ಅವರ ಗೋಡೆಯಲ್ಲಿ ನೊರಜಿನ ರೆಕ್ಕೆ ತೂಗುಹಾಕಿದ್ದರೂ ಓದುತ್ತಿದ್ದೆ. ದಿನಕ್ಕೆ ಒಂದು ಮಾತ್ರೆ ಕಡಿಮೆಯಾಯಿತಲ್ಲ, ಅದೇ ಸಂತೋಷ. ಅಕ್ಕನಿಗೆ ಕಣ್ಣಿನ ವಿಷಯ ಹೇಳಲಿಲ್ಲ, ಸುಮ್ಮನೆ ಹೆದರುತ್ತಾಳೆ.

ಫೆಬ್ರವರಿ ೨೮

ಮಾತ್ರೆ ಮುಗಿಯಿತು. ಅಕ್ಕ ಡಬ್ಬಿಗಳನ್ನು ಒಲೆಗೆ ಹಾಕಿದಳು. ಪೇಟೆಯ ನಿನ್ನ ಬಾಡಿಗೆ ಕೋಣೆಗೆ ವಾಪಸ್ಸು ಹೋಗಬಹುದು, ಆದರೆ ಮರಿ ಬರುವವರೆಗೆ ಇರು, ನನಗೊಬ್ಬಳಿಗೆ ಕೈ ಸಾಲುವುದಿಲ್ಲ ಎಂದಳು.

ಮಾರ್ಚ್ ೩

ಮೊದಲ ಮರಿ ಬೆಳಿಗ್ಗೆ ಹುಟ್ಟಿತು. ಸತ್ತೇ ಬಂತು. ಅಕ್ಕ, ಮೊದಲನೆಯದು ಹೀಗಾಗುವುದುಂಟು ಎಂದಳು. ಮಧ್ಯಾಹ್ನ ಎರಡನೆಯದು ಹುಟ್ಟಿತು, ಜೀವ ಇತ್ತು. ಕೂಗಲಿಲ್ಲ. ಅಕ್ಕ ಹುಲ್ಲಿನಿಂದ ಉಜ್ಜಿದಳು, ಮೂಗಿಗೆ ಊದಿದಳು. ಉಸಿರಾಡುತ್ತಿತ್ತು, ಕೂಗಲಿಲ್ಲ ಅಷ್ಟೇ. ತಾಯಿ ನೆಕ್ಕುತ್ತಲೇ ಇತ್ತು. ಕೆಚ್ಚಲನ್ನು ಬಾಯಿಗೆ ಇಟ್ಟರೂ ಅದೇನೆಂದು ಮರಿಗೆ ಗೊತ್ತಾಗಲಿಲ್ಲ.

ಮಾರ್ಚ್ ೪

ಇವತ್ತು ಸತ್ತು ಬಂದವು ಏಳು.

ಮಾರ್ಚ್ ೧೨

ಮೂವತ್ತಾರು ಕುರಿ ಈದಿವೆ. ಹನ್ನೊಂದು ಮರಿ ನೆಟ್ಟಗಿವೆ. ಹದಿನಾಲ್ಕು ಸತ್ತು ಬಂದವು. ಉಳಿದವು ಬದುಕಿವೆ, ಅದನ್ನು ಬದುಕು ಎನ್ನುವುದಾದರೆ. ಕಣ್ಣು ತೆರೆದೇ ಇರುತ್ತವೆ, ಬೆರಳು ಹತ್ತಿರ ತಂದರೂ ರೆಪ್ಪೆ ಬಡಿಯುವುದಿಲ್ಲ. ಒಂದೇ ಕಡೆ ಸುತ್ತುತ್ತವೆ, ಬಿಟ್ಟರೆ ಸಂಜೆಯವರೆಗೂ ಸುತ್ತುತ್ತವೆ. ಇವತ್ತು ಮೇವು ಹಾಕಲು ಹೋದರೆ ಆರು ಮರಿಗಳು ಹಣೆಯನ್ನು ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತಿದ್ದವು. ಗೋಡೆಯಾಚೆ ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವ ಹಾಗೆ. ಆಚೆ ಏನೂ ಇಲ್ಲ, ಹೋಗಿ ನೋಡಿ ಬಂದೆ.

ಅಕ್ಕ ಅಳುತ್ತಿಲ್ಲ. ಬಾಟಲಿ ಹಿಡಿದು ಒಂದೊಂದಕ್ಕೂ ಹಾಲು ಕುಡಿಸುತ್ತಾಳೆ. ನನ್ನನ್ನು ಒಂದು ಮಾತೂ ಕೇಳಿಲ್ಲ. ಕೇಳಿದರೆ ಉತ್ತರ ಇದೆ: ತಟ್ಟೆಯಲ್ಲಿ ತಾಯಿ ಇರಲಿಲ್ಲ.

ಮಾರ್ಚ್ ೨೧

ಮರಿಗಳ ಮಿದುಳಿನ ಪರೀಕ್ಷೆಯ ಫಲಿತಾಂಶ ಬಂತು. ನೀಲಿನಾಲಿಗೆ. ಕುರಿಗಳಿಗೆ ತಗುಲಿದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲು ಎಂದು ಬರೆದಿದ್ದಾರೆ.

ಗಡಿಯಾರಪ್ಪ ಬಂದು ನನ್ನ ಮೇಜಿನ ಮುಂದೆ ನಿಂತ. ಎಣಿಸಿದ ನೊರಜುಗಳನ್ನು ಸ್ಪಿರಿಟ್ಟಿನ ಸೀಸೆಗಳಲ್ಲಿ ಕಪಾಟಿನಲ್ಲಿ ಇಟ್ಟಿರುತ್ತೇವೆ. ನವೆಂಬರಿನ ಸೀಸೆ ನೋಡಬೇಕು, ಬೀಗದ ಕೈ ಕೊಡಿ ಎಂದ. ಕೊಡಲಿಲ್ಲ. ಮೂರು ಬುಧವಾರದ ಹಾಳೆಯ ಮೇಲೂ ನಿಮ್ಮ ಸಹಿ ಇದೆಯಲ್ಲ, ಇನ್ನೇನು ನೋಡುವುದು ಎಂದೆ. ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹಾಗೆ ಹೇಳಬಾರದಿತ್ತು.

ಬೀಗದ ಕೈ ಜೇಬಿನಲ್ಲೇ ಇದ್ದರೂ ಕಪಾಟಿನ ಹತ್ತಿರ ಹೋಗಲು ಮನಸ್ಸಾಗುತ್ತಿಲ್ಲ. ಬರೆಯುತ್ತ ಈಗ ಹೊಳೆಯಿತು, ಹೆದರಿಕೆ ಇದು.

ಏಪ್ರಿಲ್ ೧೩

ಬೆಳಿಗ್ಗೆ ಲೋಟ ಕೆಂಪಗಿತ್ತು.

ಕಿಟಕಿಗೆ ಹಿಡಿದು ನೋಡಿದೆ, ಒಲೆಯ ಬೆಳಕಿಗೆ ಹಿಡಿದು ನೋಡಿದೆ. ಅಚ್ಚ ಕೆಂಪೇನಲ್ಲ, ನೀರು ಬೆರೆಸಿದ ಕೆಂಪು. ಪಕ್ಕದಲ್ಲಿ ಅಕ್ಕನ ಲೋಟ ಕಂದಾಗಿಯೇ ಇತ್ತು. ಬರಿಗಾಲಲ್ಲಿ ಕೆಳಗಿನ ದೊಡ್ಡಿಗೆ ಓಡಿದೆ. ಕುರಿಗಳ ಸೊಂಟದ ಮೇಲೆ ಟಗರು ಮೆತ್ತಿದ ಬಣ್ಣ ಮಾಸಿದೆ, ಆದರೆ ಇದೆ, ನಲವತ್ತರ ಮೇಲೂ ಇದೆ. ಯಾವ ಮಳೆಯೂ ಅದನ್ನು ತೊಳೆದಿರಲಿಲ್ಲ. ಅಲ್ಲೇ ನಿಂತು ನನ್ನ ತೋಳು ನೋಡಿಕೊಂಡೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಬೊಟ್ಟಿಡಲು ಜಾಗವಿಲ್ಲದಷ್ಟು ಕೆಂಪು ಗುಳ್ಳೆ, ಹಳೆಯವು, ಹೊಸವು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ನಾನು ಕೋಣೆಯಲ್ಲಿದ್ದೆ. ಗಡಿಯಾರಪ್ಪ ಬಂದವನೇ ಕಪಾಟು ತೆರೆದಿರುವುದನ್ನು ನೋಡಿ ಕೈ ತೊಳೆದುಕೊಂಡು ಪಕ್ಕದಲ್ಲಿ ಕೂತ. ನವೆಂಬರ್ ಹತ್ತರ ಸೀಸೆ ಸುರಿದೆ. ಅವರೆಲ್ಲ ಅಲ್ಲೇ ಇದ್ದರು. ಒಬ್ಬೊಬ್ಬಳ ಹೊಟ್ಟೆಯಲ್ಲೂ ಆ ಕಲೆ, ಐದು ತಿಂಗಳು ನೀರಿನಂಥ ಸ್ಪಿರಿಟ್ಟಿನಲ್ಲಿ ಮಲಗಿ ನಾನು ಬರುವುದನ್ನೇ ಕಾಯುತ್ತಿದ್ದ ಹಾಗೆ. ನಾನು ಎಣಿಸಿದೆ, ಆಮೇಲೆ ಅವನು ಎಣಿಸಿದ. ಹತ್ತನೇ ತಾರೀಖು ತಾಯಿ ೬೪. ಹದಿನೇಳು, ೫೯. ಇಪ್ಪತ್ತನಾಲ್ಕು, ನಾನು ಸೊನ್ನೆ ಬರೆದ ದಿನ, ೫೭.

ತಾಯಿಯಿಲ್ಲದ ಜಾತಿ ಎಂದು ಏನೇನು ಕಥೆ ಕಟ್ಟಿದ್ದೆ.

"ಮರುನೋಟ ಅನ್ನೋ ಜಾಗದಲ್ಲಿ ಸಹಿ ನಂದು, ಮೇಡಂ" ಎಂದ ಗಡಿಯಾರಪ್ಪ.

ಸಾಹೇಬರ ಬಳಿ ಇಬ್ಬರೂ ಹೋದೆವು. ಡಾಕ್ಟರ ಪುಸ್ತಕದ ಬಗ್ಗೆಯೂ ಹೇಳಿದೆ. ಅವರು ಮೂರು ಹಾಳೆಗಳನ್ನೂ ತಮ್ಮ ಡ್ರಾಯರಿಗೆ ಹಾಕಿಕೊಂಡರು. ನಾಳೆಯಿಂದ ತಟ್ಟೆ ಮುಟ್ಟಬೇಡಿ ಎಂದಾಗ ದುಃಖವೇ ಆಗಲಿಲ್ಲ.

ಅದೇ ದಿನ, ಸಂಜೆ

ಅಕ್ಕ ದೊಡ್ಡಿಯ ಕಟ್ಟೆಯ ಮೇಲೆ ಕೂತು ಕುರುಡು ಮರಿಗೆ ಬಾಟಲಿ ಹಿಡಿದಿದ್ದಳು. ಅಂಥವುಗಳಲ್ಲಿ ಈಗ ಉಳಿದಿರುವುದು ಅದೊಂದೇ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕೆಂಪು ಹೊಟ್ಟೆ, ಬಿಳಿ ಹೊಟ್ಟೆ, ಕಾಣದೇ ಹೋದದ್ದು, ಸೀಸೆಯಲ್ಲಿ ಇವತ್ತು ಕಂಡದ್ದು. ನಾನು ಹೂಂ ಎಂದ ದಿನ ಬಲೆಯಲ್ಲಿ ಐವತ್ತೇಳು ಜನ ಇದ್ದರು ಎಂದೆ. ಹಾಲು ಮುಗಿದರೂ ಅವಳು ಬಾಟಲಿ ಕೆಳಗಿಡಲಿಲ್ಲ.

"ಲೋಟದ ಜಗಳ ಆದ ದಿನವೇ ನನಗೆ ಗೊತ್ತಾಯ್ತು, ನಿನಗೆ ಕೆಂಪು ಕಾಣ್ತಿಲ್ಲ ಅಂತ. ಅದಕ್ಕೇ ದಾರ ಕಟ್ಟಿದ್ದು" ಎಂದಳು.

ಬಾಟಲಿ ತೆಗೆದುಕೊಳ್ಳಲು ಕೈ ಚಾಚಿದೆ, ಅವಳು ಬಿಡಲಿಲ್ಲ.

"ಬಾಯಿಬಿಟ್ರೆ ನಿನ್ನ ಕುರ್ಚಿ ಹೋಗುತ್ತೆ, ಆ ಕುರ್ಚಿ ಬಿಟ್ರೆ ನಿನಗೇನಿದೆ ಅಂತ ಸುಮ್ಮನಿದ್ದೆ. ಗಂಟಲಿನ ತನಕ ಬಂದಿತ್ತು ಕಣೇ. ನೊರಜಿಗೂ ಕೆಂಪಿಗೂ ಏನು ಸಂಬಂಧ ಅಂತ ನನಗೆ ಯಾರು ಹೇಳಿದ್ರು? ತಾಯಿ ಇಲ್ಲ, ತಾಯಿ ಇಲ್ಲ ಅಂತಿದ್ದೆ. ಹೇಗೆ ಗೊತ್ತಾಗುತ್ತೆ ಅಂತ ಒಂದಿನವಾದ್ರೂ ಹೇಳಿದ್ಯಾ?"

ಹೇಳಿರಲಿಲ್ಲ. ಮೊದಲ ದಿನ ಬಂದ ಗಡಿಯಾರಪ್ಪನಿಗೆ ಹೇಳಿದ್ದೆ. ಅರ್ಧ ಆಯುಷ್ಯ ಜೊತೆಗಿದ್ದ ಅಕ್ಕನಿಗೆ ಹೇಳಿರಲಿಲ್ಲ.

ಮರಿ ಅವಳ ಮಡಿಲಿಂದ ಇಳಿದು ಸುತ್ತತೊಡಗಿತು. ಗಾಳಿಯಿಲ್ಲ, ಬೆಚ್ಚಗಿತ್ತು. ಬಾಗಿಲಲ್ಲಿ ಕಂಬ ಎದ್ದಿತು, ಒಬ್ಬ ಮನುಷ್ಯನ ಎತ್ತರಕ್ಕೆ ಬಂದು ನಿಂತಿತು. ಒಳಗೆ ಹೋಗೋಣ ಎಂದು ಇಬ್ಬರೂ ಹೇಳಲಿಲ್ಲ. ಅಕ್ಕ ಬಾಟಲಿ ಹಿಡಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದಳು. ಅವಳ ಮಣಿಕಟ್ಟಿನ ಮೇಲೆ ಒಂದು ಧೂಳಿನ ಕಣ ಬಂದು ಕೂತಿತು. ಬಗ್ಗಿ ನೋಡಿದೆ. ಬಿಳಿಚಿದ ಹೊಟ್ಟೆ, ಕನ್ನೆ. ನಾನು ನೋಡುನೋಡುತ್ತಿದ್ದ ಹಾಗೆ ಆ ಹೊಟ್ಟೆ ತುದಿಯಿಂದ ಮೆಲ್ಲಗೆ ಕೆಂಪಾಗುತ್ತ ಬಂತು, ದುಂಡಗಾಯಿತು, ಮುಳುಗುವ ಬೆಳಕಿಗೆ ಹೊಳೆಯಿತು. ಅಷ್ಟು ಒಳ್ಳೆಯ ಕೆಂಪನ್ನು ನೋಡಿ ಆರು ತಿಂಗಳಾಗಿತ್ತು.

ಹೊಡೆಯಲೆಂದು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು, ಬಾಯಿ ತನ್ನಷ್ಟಕ್ಕೆ ಎಣಿಸತೊಡಗಿತು. ಒಂದು.